ಎಮ್ಮೆಬಂಡೆಯಿಂದ ಮೇಲಕ್ಕೆ

ಆಗಸ್ಟ್ 9

ಪ್ರೀತಿಯ ಅಕ್ಕ,

ಮೂರು ಗಂಟೆ ಹತ್ತು ನಿಮಿಷ. ಟಕ್ ಅಂತ ಒಂದು ಸದ್ದು. ಆಮೇಲೆ ಏನೋ ನೆಲದ ಮೇಲೆ ಉರುಳಿಕೊಂಡು ಹೋಗಿ ಕಪಾಟಿನ ಕೆಳಗೆ ನಿಂತಿತು. ಎದ್ದು ಕೂತೆ. ಕಳ್ಳ ಅಂದುಕೊಂಡೆ, ಇಲಿ ಅಂದುಕೊಂಡೆ, ಮಗುವಿನ ಹಲ್ಲು ಬಿತ್ತೇನೋ ಅಂತಲೂ ಅಂದುಕೊಂಡೆ. ನಾಲ್ಕು ವರ್ಷಕ್ಕೆ ಯಾರ ಹಲ್ಲು ಬೀಳುತ್ತದೆ ಹೇಳು? ನನ್ನ ತಲೆ ಓಡುವುದೇ ಹಾಗೆ. ಟಾರ್ಚ್ ಹಾಕಿದರೆ ಗುಬ್ಬಿಯ ಮುಷ್ಟಿ ಸಡಿಲವಾಗಿತ್ತು. ಹಳ್ಳದಿಂದ ತಂದ ಬೆಣಚುಕಲ್ಲನ್ನು ಹಿಡಿದುಕೊಂಡೇ ಮಲಗಿದ್ದಳು. ನಿದ್ದೆ ಆಳಕ್ಕೆ ಇಳಿದ ಹಾಗೆ ಕೈ ತಾನಾಗಿ ಬಿಟ್ಟುಕೊಟ್ಟಿದೆ.

ಇನ್ನು ನನಗೆ ನಿದ್ದೆ ಬರುವುದಿಲ್ಲ. ಇವರದು ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ. ಅಡುಗೆಮನೆಯ ಮೇಜಿನ ಮೇಲಿದ್ದ ಪಾತ್ರೆಗಳನ್ನು ಒಂದು ಕಡೆ ಸರಿಸಿ ನಿನಗೆ ಬರೆಯಲು ಕೂತಿದ್ದೇನೆ.

ಸುದ್ದಿ ಏನು ಗೊತ್ತಾ? ನಿನ್ನೆ ಗುಬ್ಬಿ ಎಮ್ಮೆಬಂಡೆಯವರೆಗೆ ನಡೆದಳು. ಪೂರ್ತಿ, ತನ್ನ ಕಾಲ ಮೇಲೆ! ಅಪ್ಪನ ಕಾಲದ ಕ್ರಮದಲ್ಲೇ ಹೊರಟೆವು. ಎಲ್ಲರಿಗಿಂತ ಚಿಕ್ಕವಳು ತಲೆ. ಅವಳ ಹೆಜ್ಜೆಯೇ ಎಲ್ಲರ ಹೆಜ್ಜೆ. ನಡುವೆ ಹೊಟ್ಟೆಯಾಗಿ ನಾನು. (ನೀನು ಹೊಟ್ಟೆಯಾಗಲಾರೆ ಅಂತ ಅಳುತ್ತಿದ್ದದ್ದು ಈಗ ಅರ್ಥವಾಯಿತು.) ಹಿಂದೆ ಬಾಲವಾಗಿ ಇವರು. ಸೈಕಲ್ ಅಂಗಡಿಗೆ ವಾರಕ್ಕೊಂದೇ ದಿನ ಬಾಗಿಲು ಹಾಕುತ್ತಿದ್ದ ಅಪ್ಪ, ಆ ಒಂದು ದಿನವನ್ನೂ ನಮ್ಮ ಬೆನ್ನ ಹಿಂದೆಯೇ ನಡೆದು ಕಳೆದರಲ್ಲ, ಅದನ್ನೆಲ್ಲ ಇವರಿಗೆ ಹೇಳಿಕೊಟ್ಟೆ. ಬಾಲ ಆಗಾಗ ಹೆಸರು ಹಿಡಿದು ಕೂಗಬೇಕು, ಪ್ರತಿಯೊಬ್ಬರೂ ಓ ಅನ್ನಬೇಕು.

"ನಾನು ಹಂಗಾಮಿ ಬಾಲ ಅಷ್ಟೇ," ಅಂದರು ಇವರು. "ಖಾಯಂ ಬಾಲ ನಿಮ್ಮಕ್ಕ ಬರೋವರೆಗೆ."

ಬಂಡೆಗೆ ಸ್ವಲ್ಪ ದೂರವಿದ್ದಾಗ ಗುಬ್ಬಿಯ ಮೂತಿ ಕೆಂಪಾಗಿತ್ತು.

"ಎತ್ಕೊಳ್ಳಲಾ ಮರಿ?"

"ಬೇಡ. ನಾನು ತಲೆ. ತಲೇನ ಯಾರಾದ್ರೂ ಎತ್ಕೊಳ್ತಾರಾ?"

ತಪ್ಪಿಸಿಕೊಂಡರೆ ಏನು ಮಾಡಬೇಕು ಅನ್ನುವುದನ್ನೂ ಕಲಿಸಿದ್ದೇನೆ. ಅಲ್ಲಿ ಇಲ್ಲಿ ಓಡಬಾರದು. ಹಳ್ಳದ ಹತ್ತಿರ ಇಳಿದು, ಕಲ್ಲಿನ ಮೇಲೆ ಕೂತು, ನೀರಿನಲ್ಲಿ ಕಾಲು ಇಳಿಬಿಟ್ಟು ಕಾಯಬೇಕು. ಹುಡುಕುವವರು ನೀರಿಗೆ ಎದುರಾಗಿ ಕೂಗುತ್ತಾ ಬರುತ್ತಾರೆ. ಕೂಗು ಕಿವಿಗೆ ಬಿದ್ದ ಕೂಡಲೇ ಓ ಅನ್ನಬೇಕು, ಎಷ್ಟೇ ಅಳು ಬಂದಿದ್ದರೂ. ನಿನ್ನೆ ಸಂಜೆ ಮನೆಗೆ ಬಂದ ಮೇಲೆ ಬಚ್ಚಲಿನಲ್ಲಿ ಸದ್ದೇ ಇಲ್ಲ ಅಂತ ಗಾಬರಿಯಿಂದ ಓಡಿದೆ. ಬಕೆಟ್ಟಿನಲ್ಲಿ ಎರಡೂ ಕಾಲಿಟ್ಟುಕೊಂಡು ಗಂಭೀರವಾಗಿ ಕೂತಿದ್ದಾಳೆ. "ನಾನು ಕಳೆದುಹೋಗಿದೀನಿ. ಕೂಗು," ಅಂದಳು.

ಅವಳು ತೊಟ್ಟಿಲಲ್ಲಿದ್ದಾಗ ನೀನು ಕೊಟ್ಟ ಮಾತು ನೆನಪಿದೆಯಾ? ಇವಳು ಎಮ್ಮೆಬಂಡೆ ಮುಟ್ಟಿದ ದಿನ ಮೇಲಕ್ಕೆ ಹೋಗೋಣ, ಅಪ್ಪ ಪ್ರತಿ ಸಲ ಹೊತ್ತಾಯಿತು ಅಂತ ವಾಪಸ್ ತಿರುಗಿಸುತ್ತಿದ್ದ ಆ ಜಾಗ ದಾಟಿ, ಹಳ್ಳ ಹುಟ್ಟುವ ಒರತೆ ನೋಡೋಣ ಅಂದಿದ್ದೆ. ಮುಟ್ಟಿಯಾಯಿತು. ಇನ್ನು ನೀನು ಬರಬೇಕು. ಒಬ್ಬಳೇ ಕರೆದುಕೊಂಡು ಹೋಗಲು ನನಗೆ ಧೈರ್ಯವಿಲ್ಲ. ಪಾಚಿ, ಹಾವು, ಜಾರುವ ಕಲ್ಲು, ಎಲ್ಲವೂ ರಾತ್ರಿ ನನ್ನ ಹಾಸಿಗೆಗೇ ಬರುತ್ತವೆ. ಹಿಂದೆ ನೀನಿದ್ದರೆ ಬರುವುದಿಲ್ಲ.

ನಿನ್ನ ತಂಗಿ

*

ಆಗಸ್ಟ್ 25

ಮರಿ,

ನಿನ್ನ ಪತ್ರ ಕಿಟಕಿಯ ಪಕ್ಕ ಕೂತು ನಿಧಾನವಾಗಿ ಓದಿದೆ. ತಲೆಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ ಅಂದಳಾ? ಅಪ್ಪ ಇದ್ದಿದ್ದರೆ ಆ ಮಾತನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಪಂಕ್ಚರ್ ಹಾಕುವುದನ್ನೇ ಮರೆಯುತ್ತಿದ್ದರು.

ಬರಬೇಕು ಅಂತ ಆಸೆ ಇದೆ. ಆದರೆ ಈಗ ಸಸ್ಯತೋಟದ ಕಚೇರಿಯಲ್ಲಿ ಕೆಲಸ ಬಹಳ. ಎಲೆಗಳ ಪುಸ್ತಕ ಮುಗಿಯುವ ಹಂತಕ್ಕೆ ಬಂದು ನಿಂತಿದೆ. ಒಂದೊಂದು ಎಲೆಯ ನರ ಬಿಡಿಸುವುದಕ್ಕೂ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ. ಅಕ್ಟೋಬರ್ ರಜೆಯಲ್ಲಿ ನೋಡೋಣ.

ನನ್ನ ಕೋಣೆಯ ಕೆಳಗೆ ದರ್ಜಿಯಮ್ಮನ ಅಂಗಡಿ ಇದೆ ಅಂತ ಬರೆದಿದ್ದೆನಲ್ಲ. ಅವಳ ಹೊಲಿಗೆ ಮಿಷನ್ನು ಒಂದೇ ಸಮ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಕಣ್ಣು ಮುಚ್ಚಿದರೆ ಎಮ್ಮೆಬಂಡೆಯ ಕೆಳಗೆ ನೀರು ಮೂರು ಕಲ್ಲಿನ ನಡುವೆ ನುಸುಳುವ ಸದ್ದೇ. ಅಲ್ಲಿ ಒಂದು ವಾಸನೆ ಇತ್ತಲ್ಲ, ಹಸಿ ಕಬ್ಬಿಣದ್ದೋ ಒದ್ದೆ ಮರದ್ದೋ? ಈಗಲೂ ಇದೆಯಾ?

ಒಂದು ಕೆಲಸ ಮಾಡು. ಇನ್ನು ಮೇಲೆ ಹಳ್ಳಕ್ಕೆ ಹೋದಾಗಲೆಲ್ಲ ಕಂಡದ್ದನ್ನು ಕಂಡ ಹಾಗೆ ಬರಿ. ಬಣ್ಣಗಳನ್ನು ಬರಿ. ಹಸಿರು ಅಂತ ಬರೆದು ಸುಮ್ಮನಾಗಬೇಡ, ಎಂಥ ಹಸಿರು ಅಂತ ಬರಿ.

ಹಾಲು ಕುಡಿದು ಮಲಗು. ಹಾಸಿಗೆಗೆ ಬಂದ ಹಾವಿಗೆ ನನ್ನ ಹೆಸರು ಹೇಳು.

ಅಕ್ಕ

*

ಸೆಪ್ಟೆಂಬರ್ 7

ಪ್ರೀತಿಯ ಅಕ್ಕ,

ಮೊದಲು ಇದನ್ನು ಹೇಳು, ನಿನ್ನ ಅಕ್ಷರಕ್ಕೆ ಏನಾಗಿದೆ? ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದವಳು ನೀನು. ಈ ಸಲ ಒಂದು ಸಾಲು ಇನ್ನೊಂದರ ಹೆಗಲ ಮೇಲೆ ಹತ್ತಿ ಕೂತಿದೆ. "ಓಡೋ ಬಸ್ಸಲ್ಲಿ ಬರೆದಿರಬೇಕು," ಅಂದರು ಇವರು. ಅಷ್ಟು ಅವಸರವೇ? ಕಂಡದ್ದೆಲ್ಲ ಬರಿ ಅಂತ ನನಗೆ ಹೇಳಿ ನೀನು ಒಂದು ಪುಟಕ್ಕೇ ಮುಗಿಸಿದ್ದೀಯ. ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತೇನೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಿದ್ದೀಯಾ?

ಇರಲಿ. ಬರೆಯುತ್ತೇನೆ, ದೊಡ್ಡವಳ ಅಪ್ಪಣೆ.

ಭಾನುವಾರ ಬೆಳಿಗ್ಗೆ ನೀರು ಶೋಧಿಸುವ ತೊಟ್ಟಿಗಳ ಹಿಂದಿನ ಗೇಟಿನಿಂದ ಇಳಿದೆವು. ಮಂಜು ಇನ್ನೂ ಎದ್ದಿರಲಿಲ್ಲ. ಹಳ್ಳದ ಮೇಲೆ ಉದ್ದಕ್ಕೆ ಮಲಗಿತ್ತು. ತಲೆ ಮುಂದೆ ಹೋದ ಹಾಗೆ ಅವಳ ಸೊಂಟದವರೆಗೆ ಮಂಜು, ಮೇಲೆ ಬರೀ ಕೆಂಪು ಟೋಪಿ ತೇಲಿಕೊಂಡು ಹೋಗುತ್ತಿತ್ತು. ಹೆಸರು ಹಿಡಿದು ಕೂಗಿದೆ. ಟೋಪಿ ಓ ಅಂದಿತು.

ಹಸಿರು ಎಂಥದ್ದು ಅಂದರೆ, ನೀರಿನ ಒಳಗಿನ ಪಾಚಿ ಹಳೇ ಬಾಟಲಿಯ ಹಸಿರು. ಬಂಡೆಯ ಮೇಲಿನದು ಹಾಗಲ್ಲ, ಬಿಸಿಲು ಬಿದ್ದ ಕೂಡಲೇ ಹಳದಿಗೆ ತಿರುಗಿ ಮರಿಗಿಳಿಯ ಕುತ್ತಿಗೆಯ ಹಾಗಾಗುತ್ತದೆ. ಒಂದು ನೀಲಿ ಏರೋಪ್ಲೇನ್ ಚಿಟ್ಟೆ, ಸೂಜಿಯಷ್ಟು ಸಣ್ಣ ಮೈಯದು, ನೀರಿನ ಮೇಲೆ ತನ್ನ ನೆರಳನ್ನು ತಾನೇ ಮುಟ್ಟಿ ಮುಟ್ಟಿ ಹಾರುತ್ತಿತ್ತು. ಮೀನುಮರಿಗಳು ಗುಬ್ಬಿಯ ಕಾಲುಬೆರಳಿಗೆ ಬಾಯಿ ಹಾಕಿದವು. "ಅಮ್ಮಾ, ಇವು ನನ್ನ ಓದ್ತಿವೆ!" ಅಂತ ಕಿರುಚಿದಳು. ಕೆಳಗೆ ಮರಳಿನ ಮೇಲೆ ಬಿಸಿಲು ಬಲೆ ನೇಯುತ್ತಿತ್ತು. ಎಷ್ಟು ಹೊತ್ತು ನೋಡಿದೆವೋ, ನಾವೇ ನೀರಿನ ಒಳಗಿದ್ದೇವೆ, ಮೇಲೆ ಯಾರೋ ಬಗ್ಗಿ ನಮ್ಮನ್ನು ನೋಡುತ್ತಿದ್ದಾರೆ ಅನ್ನಿಸಿತು.

ನೀನು ಕೇಳಿದ ವಾಸನೆ ಇನ್ನೂ ಇದೆ. ಒದ್ದೆ ಮರ ಅಲ್ಲ, ಕಬ್ಬಿಣವೂ ಅಲ್ಲ. ಮಳೆ ನಿಂತ ಮೇಲೆ ಅಪ್ಪನ ಅಂಗಡಿ.

ಇದರ ಜೊತೆ ಗುಬ್ಬಿ ಒಂದು ಎಲೆ ಕಳಿಸುತ್ತಿದ್ದಾಳೆ. ಇಡೀ ದಂಡೆ ಹುಡುಕಿ ಆರಿಸಿದ್ದು. ನಾನು ಏನೂ ಹೇಳಬಾರದಂತೆ, ದೊಡ್ಡಮ್ಮನೇ ನೋಡಿ ಹೇಳಬೇಕಂತೆ. ಪುಸ್ತಕದಲ್ಲಿ ಹಾಕಬೇಕು ಅಂತ ಅಪ್ಪಣೆ. ಅಕ್ಟೋಬರಿನಲ್ಲಿ ನೀನೇ ಬಂದು ಉತ್ತರ ಹೇಳು. ನಿನ್ನ ಬೂಟನ್ನು ಅಟ್ಟದಿಂದ ಇಳಿಸಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ನಿನ್ನ ತಂಗಿ

*

ಸೆಪ್ಟೆಂಬರ್ 29

ಮರಿ,

ಬಿಸಿಲು ಬಲೆ ನೇಯುವುದನ್ನು ಬರೆದೆಯಲ್ಲ, ಅದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಪರೀಕ್ಷೆ ಅಲ್ಲ, ಹುಚ್ಚಿ. ನನಗೆ ಬೇಕು ಅದಕ್ಕೇ ಕೇಳಿದೆ.

ಗುಬ್ಬಿಗೆ ಹೇಳು, ಹಸಿರೆಲೆ ಸಿಕ್ಕಿತು, ಬಹಳ ಚೆನ್ನಾಗಿದೆ ಅಂತ. ಅಂಚು ಸಣ್ಣ ಗರಗಸದ ಹಾಗಿದೆ, ಬೆನ್ನ ಮೇಲೆ ಮಗುವಿನ ಕಿವಿಯ ಮೇಲಿರುವಂಥ ನವುರಾದ ಕೂದಲಿದೆ. ತೊಟ್ಟು ಮುರಿದಲ್ಲಿ ಇನ್ನೂ ವಾಸನೆ ಬರುತ್ತಿದೆ.

ಅಕ್ಟೋಬರಿನಲ್ಲಿ ಬರಲಾಗುವುದಿಲ್ಲ. ಕಾರಣ ಬರೆಯುತ್ತಾ ಹೋದರೆ ಉದ್ದವಾಗುತ್ತದೆ. ನನಗಾಗಿ ಕಾಯಬೇಡಿ, ಮೂವರೂ ಹೋಗಿ ಬನ್ನಿ. ಒರತೆ ಹೇಗಿದೆ ಅಂತ ಬಂದು ಬರಿ. ಬೇಗ ಹೋಗಿ, ಈ ತಿಂಗಳಲ್ಲೇ. ಬೂಟನ್ನು ಮತ್ತೆ ಅಟ್ಟಕ್ಕೆ ಹಾಕು.

ಅಕ್ಕ

*

ಅಕ್ಟೋಬರ್ 4

ಅಕ್ಕ,

ಪತ್ರ ಓದಿ ಹೇಳಿದೆ. ಗುಬ್ಬಿ ನನ್ನನ್ನೇ ನೋಡಿದಳು. "ದೊಡ್ಡಮ್ಮಂಗೆ ಬೇರೆ ಯಾರೋ ಎಲೆ ಕಳಿಸಿದಾರೆ. ನಂದು ಕೆಂಪು."

ಕೆಂಪು, ಅಕ್ಕ. ಇಡೀ ಹಳ್ಳದಲ್ಲಿ ಒಂದೇ ಒಂದು ಕೆಂಪೆಲೆ ಬಿದ್ದಿತ್ತು, ಕುಂಕುಮದ ಭರಣಿಯೊಳಗೆ ಅದ್ದಿ ತೆಗೆದ ಹಾಗೆ. ಅದಕ್ಕಾಗಿಯೇ ಅವಳು ನೀರಿಗಿಳಿದದ್ದು. ಎಲೆಯನ್ನು ಕಣ್ಣೆತ್ತಿ ನೋಡುವುದಕ್ಕೂ ನಿನಗೆ ಪುರುಸೊತ್ತಿಲ್ಲ. ಗರಗಸ, ಕೂದಲು ಅಂತ ಬಾಯಿಗೆ ಬಂದದ್ದು ಬರೆದು ಕಳಿಸಿದ್ದೀಯ. ಜೀವಮಾನವೆಲ್ಲ ಎಲೆ ನೋಡಿಯೇ ಸಂಬಳ ತೆಗೆದುಕೊಂಡವಳು ನೀನು!

ಮಗುವಿಗೆ ಏನು ಹೇಳಲಿ? ದೊಡ್ಡಮ್ಮನಿಗೆ ಕೆಲಸ ಅಂದೆ. "ದೊಡ್ಡಮ್ಮಂಗೆ ನಾನಂದ್ರೆ ಬೇಜಾರಾ?" ಅಂದಳು. ನಿನಗೂ ಒಂದು ಮಗುವಿದ್ದಿದ್ದರೆ ಆ ಪ್ರಶ್ನೆ ಎಲ್ಲಿ ಚುಚ್ಚುತ್ತದೆ ಅಂತ ಗೊತ್ತಾಗುತ್ತಿತ್ತು.

ಬೂಟು ಅಟ್ಟದ ಮೇಲಿದೆ.

*

ಅಕ್ಟೋಬರ್ 27

ಅಕ್ಕ,

ನಿನ್ನಿಂದ ಏನೂ ಬರಲಿಲ್ಲ. ಅಂಚೆಯವನು ಸೈಕಲ್ ನಿಲ್ಲಿಸಿದರೆ ಸಾಕು, ಗುಬ್ಬಿ ಬಾಗಿಲಿಗೆ ಓಡುತ್ತಾಳೆ, ನಾನು ಅಡುಗೆಮನೆಯಲ್ಲೇ ನಿಲ್ಲುತ್ತೇನೆ. ಆ ಸಾಲು ಬರೆಯಬಾರದಿತ್ತು. ಪತ್ರವನ್ನು ಅಂಚೆ ಡಬ್ಬಕ್ಕೆ ಹಾಕಿದ ಮೇಲೆ ಕೈ ಒಳಗೆ ತೂರಿಸಿ ತೆಗೆಯಲು ನೋಡಿದೆ. ಬಾಯಿ ಸಣ್ಣದು, ಮಣಿಕಟ್ಟು ಕೆಂಪಾಯಿತು ಅಷ್ಟೇ. ನೀನು ಮಾತಾಡದೇ ಇರುವುದು ಸರಿಯೇ. ಆದರೂ ಒರತೆ ಹೇಗಿದೆ ಅಂತ ಬರಿ ಅಂದಿದ್ದೆ. ಹೋಗಿ ಬಂದೆವು. ಅದಕ್ಕೇ ಬರೆಯುತ್ತಿದ್ದೇನೆ.

ಎಮ್ಮೆಬಂಡೆಯ ಹತ್ತಿರ ನಾನು ನಿಂತೆ. ಕಾಲು ಮುಂದೆ ಹೋಗಲಿಲ್ಲ. ಹಿಂದೆ ಅಪ್ಪ "ಹೊತ್ತಾಯ್ತು, ತಿರುಗಿ" ಅನ್ನುತ್ತಾರೇನೋ ಅಂತ ಕಾದೆ. ಯಾರೂ ಅನ್ನಲಿಲ್ಲ. ಬಂಡೆಯ ಬೆನ್ನ ಮೇಲೆ ಕೈಯಿಟ್ಟು ಆಚೆ ದಾಟಿದೆವು.

ಅಲ್ಲಿಂದ ಮೇಲೆ ಹಳ್ಳ ಬೇರೆಯದೇ. ಮಾತು ಕಡಿಮೆ. ಮರಗಳು ಎರಡೂ ದಂಡೆಯಿಂದ ಬಗ್ಗಿ ಕೈ ಹಿಡಿದುಕೊಂಡಿವೆ, ಕೆಳಗೆ ಬೆಳಕು ನೀರಿನ ಹಾಗೆ, ನೀರು ಬೆಳಕಿನ ಹಾಗೆ. ಎಲ್ಲಿ ಕಾಲಿಟ್ಟೆ ಅಂತ ತಿಳಿಯುವುದು ಒದ್ದೆಯಾದ ಮೇಲೆ. ಗುಬ್ಬಿ ಸ್ವಲ್ಪ ದೂರ ನಡೆಯುತ್ತಾಳೆ, ನಿಲ್ಲುತ್ತಾಳೆ, ಹಿಂದಕ್ಕೆ ತಿರುಗಿ "ದೊಡ್ಡಮ್ಮಾ" ಅಂತ ಕೂಗುತ್ತಾಳೆ. ಕಾಯುತ್ತಾಳೆ. ಆಮೇಲೆ ತಾನೇ ದನಿ ದಪ್ಪ ಮಾಡಿ "ಓ" ಅಂದುಕೊಂಡು ಮುಂದೆ ಹೋಗುತ್ತಾಳೆ. ದಾರಿಯುದ್ದಕ್ಕೂ ಹೀಗೇ. ಇವರು ನನ್ನ ಮುಖ ನೋಡಲಿಲ್ಲ. ಒಳ್ಳೆಯವರು.

ಒಂದು ಕಡೆ ಹಳ್ಳ ಎರಡಾಯಿತು. ಯಾವುದು ನಮ್ಮದು? ಅಪ್ಪ ಹೇಳುತ್ತಿದ್ದರಲ್ಲ, ಒರತೆಯ ನೀರು ತಣ್ಣಗಿರುತ್ತದೆ ಅಂತ. ತಲೆ ಎರಡರಲ್ಲೂ ಒಂದೊಂದು ಕಾಲಿಟ್ಟು ಕಣ್ಣು ಮುಚ್ಚಿ ನಿಂತಳು. "ಈ ಕಾಲು ಕಚ್ತಿದೆ," ಅಂದಳು. ಆ ಕಡೆಗೇ ಹೋದೆವು. ಹಳ್ಳ ತೋಳಿನಷ್ಟಾಯಿತು, ಬೆರಳಿನಷ್ಟಾಯಿತು, ದಾರದಷ್ಟಾಯಿತು. ಕೊನೆಗೆ ಒಣ ಎಲೆಗಳ ಕೆಳಗೆ ನುಸುಳಿ ಮಾಯವಾಯಿತು.

ಅಲ್ಲಿ ಏನೂ ಇಲ್ಲ, ಅಕ್ಕ. ಬಂಡೆ ಸೀಳಿಕೊಂಡು ನೀರು ಚಿಮ್ಮುತ್ತದೆ, ಬಿಳೀ ಮರಳು ಕುಣಿಯುತ್ತದೆ ಅಂತೆಲ್ಲ ನಾವಿಬ್ಬರೂ ಕೌದಿಯೊಳಗೆ ಕತೆ ಕಟ್ಟುತ್ತಿದ್ದೆವಲ್ಲ? ಒಂದು ತಗ್ಗು. ಕೊಳೆತ ಎಲೆ. ಕಪ್ಪು ಮಣ್ಣು. ಇವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಸುತ್ತಲೂ ನೋಡಿದರು.

"ಇಷ್ಟೇನಾ? ಇದಕ್ಕೆ ಅಕ್ಕ ತಂಗಿ ಇಷ್ಟು ವರ್ಷ ಕಾದ್ರಾ?"

ನನಗೆ ಅಳು ಬಂತು. ನೋಡುವುದಕ್ಕೆ ಏನೂ ಇಲ್ಲ ಅಂತ ನಿನಗೆ ಹೇಗೆ ಬರೆಯುವುದು? ಅಷ್ಟರಲ್ಲಿ ಗುಬ್ಬಿ ಎಲೆಗಳ ಮೇಲೆ ಬೋರಲು ಮಲಗಿ ನೆಲಕ್ಕೆ ಕಿವಿ ಒತ್ತಿಕೊಂಡಿದ್ದಳು. "ಶ್! ಒಳಗೆ ಯಾರೋ ಗುಟುಕು ಗುಟುಕು ಕುಡೀತಿದಾರೆ."

ನಾನೂ ಮಲಗಿದೆ. ಕಣ್ಣು ತೆರೆದಿದ್ದಾಗ ಏನೂ ಕೇಳಲಿಲ್ಲ. ಮುಚ್ಚಿದ ಮೇಲೆ ಕೇಳಿತು. ಮೊದಲು ನನ್ನ ರಕ್ತದ ಸದ್ದೇ ಅಂದುಕೊಂಡೆ. ಅಲ್ಲ, ಅದಕ್ಕಿಂತ ಆಳದ್ದು, ಅದಕ್ಕಿಂತ ನಿಧಾನ. ಬಹಳ ದೂರದಲ್ಲಿ ಯಾರೋ ಇಡೀ ಹಳ್ಳವನ್ನು ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದ ಹಾಗೆ. ಇವರೂ ಬಂದು ಪಕ್ಕದಲ್ಲಿ ಮಲಗಿದರು. ಪಂಪ್‌ಹೌಸಿನಲ್ಲಿ ದಿನವೂ ಕೊಳವೆಗೆ ಕಿವಿಯಿಟ್ಟು ನೀರು ಬಂತೋ ಇಲ್ಲವೋ ಹೇಳುವ ಮನುಷ್ಯ. ಬಹಳ ಹೊತ್ತಿನ ಮೇಲೆ "ಬರ್ತಿದೆ" ಅಂದರು, ಅಷ್ಟೇ.

ಆಮೇಲೆ ಏನಾಯಿತು ಗೊತ್ತಾ? ನನಗೆ ನಿದ್ದೆ ಬಂತು. ನಿಜವಾದ ನಿದ್ದೆ, ಹಗಲು ಹೊತ್ತಿನಲ್ಲಿ, ಕೊಳೆತ ಎಲೆಯ ಮೇಲೆ, ಹಾವು ಚೇಳು ಏನೂ ನೆನಪಾಗದೆ. ನಿದ್ದೆಯಲ್ಲಿ ಓ ಅಂದೆನಂತೆ. "ಯಾರೂ ಕೂಗಿರಲಿಲ್ಲ," ಅಂದರು ಇವರು. ಕೂಗಿದ್ದರು, ನನಗೆ ಕೇಳಿತು. ಅಪ್ಪನದೋ ನಿನ್ನದೋ ಗೊತ್ತಾಗಲಿಲ್ಲ.

ಒರತೆ ಹೀಗಿದೆ. ಕಣ್ಣಿಗೆ ಏನೂ ಇಲ್ಲ, ಕಿವಿಗೆ ಮಾತ್ರ ಇದೆ.

ಒಂದು ಸಾಲಾದರೂ ಬರಿ. ಬೈದು ಬರಿ.

ನಿನ್ನ ತಂಗಿ

*

ನವೆಂಬರ್ 10

ಮರಿ,

ಅಕ್ಷರ ನನ್ನದಲ್ಲ, ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಕೆಳಗಿನ ದರ್ಜಿಯಮ್ಮ ಬರೆಯುತ್ತಿದ್ದಾಳೆ. ನಿನ್ನ ಒರತೆಯ ಪತ್ರವನ್ನು ಅವಳಿಂದ ಮೂರು ಸಲ ಓದಿಸಿಕೊಂಡೆ. ಮೂರನೇ ಸಲ ಅವಳೂ ಕಣ್ಣು ಮುಚ್ಚಿಕೊಂಡು ಓದಲು ಹೋಗಿ ಸಾಲು ತಪ್ಪಿದಳು.

ಹೇಳಿಬಿಡುತ್ತೇನೆ. ಕಣ್ಣಿನ ಒಳಪರದೆ ಬಿಟ್ಟುಕೊಳ್ಳುತ್ತಿದೆಯಂತೆ, ಹಳೇ ಗೋಡೆಯ ಬಣ್ಣ ಏಳುವ ಹಾಗೆ. ಬಲಗಣ್ಣು ಬೇಸಿಗೆಯಲ್ಲೇ ಹೋಯಿತು. ಎಡಗಣ್ಣಿನಲ್ಲಿ ನಡುಮಧ್ಯಾಹ್ನದ ಬೆಳಕು, ಭೂತಗನ್ನಡಿ ಎರಡೂ ಇದ್ದಾಗ ನಿನ್ನ ಮೊದಲ ಪತ್ರ ಓದಿದೆ. ಎಲೆ ಬಂದ ಹೊತ್ತಿಗೆ ಅದೂ ಮಸಕು. ಪತ್ರವನ್ನು ದರ್ಜಿಯಮ್ಮನಿಂದ ಓದಿಸಿಕೊಂಡೆ, ಎಲೆಯನ್ನು ಮಾತ್ರ ಅವಳಿಗೂ ತೋರಿಸಲು ಮನಸ್ಸಾಗಲಿಲ್ಲ, ಬೆರಳಿನಿಂದಲೇ ನೋಡಿದೆ. ಬೆರಳಿಗೆ ಬಣ್ಣ ಗೊತ್ತಾಗುವುದಿಲ್ಲ ಮರಿ. ಎಲೆ ಅಂದರೆ ಹಸಿರು ಅಂತ ಬರೆದುಬಿಟ್ಟೆ, ನನ್ನಂಥವಳು ಮಾಡಬಾರದ ತಪ್ಪು. ಗುಬ್ಬಿಗೆ ಹೇಳು, ದೊಡ್ಡಮ್ಮ ಸೋತಳು ಅಂತ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಇಲ್ಲದ ಹಾವಿಗೇ ನಿದ್ದೆ ಬಿಡುವವಳು ನೀನು. ನಿಜವಾದದ್ದನ್ನು ನಿನ್ನ ಹಾಸಿಗೆಗೆ ಕಳಿಸುವುದು ಬೇಡ ಅನ್ನಿಸಿತು. ಇನ್ನು ಒಂದು ಆಪರೇಷನ್ ಮಾಡಿ ನೋಡುತ್ತಾರಂತೆ. ಬಂದರೆ ಬೆಳಕು ಬಂತು, ಇಲ್ಲದಿದ್ದರೆ ಇಲ್ಲ. ನೀನು ಬರಕೂಡದು. ಯಾವಾಗ, ಎಲ್ಲಿ ಅಂತ ಹೇಳುವುದಿಲ್ಲ. ಎಲ್ಲ ಮುಗಿದ ಮೇಲೆ ಬರೆಸುತ್ತೇನೆ.

ಕಣ್ಣಿಗೆ ಏನೂ ಇಲ್ಲದ ಜಾಗಕ್ಕೂ ನಡೆದು ಹೋಗಬಹುದು ಅಂತ ನಿನ್ನಿಂದ ಗೊತ್ತಾಯಿತು. ಅಷ್ಟು ಸಾಕು. ನಾನೀಗ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದೇನೆ, ಅಷ್ಟೇ. ಹೆದರಿಕೆ ಏನಿಲ್ಲ.

ಅಕ್ಕ

ಇದರ ಕೆಳಗಿರೋದು ಅವರು ಹೇಳಿದ್ದಲ್ಲ, ನಾನೇ ಬರೀತಿರೋದು. ಅಮ್ಮಾ, ನಾನು ದರ್ಜಿ. ನಿಮಗೆ ವಿಷಯ ಬಾಯಿಬಿಟ್ಟು ಹೇಳಲ್ಲ ಅಂತ ಇವರಿಗೆ ಮಾತು ಕೊಟ್ಟಿದೀನಿ. ಕೈಯಲ್ಲಿ ಬರೆಯಲ್ಲ ಅಂತ ಕೊಟ್ಟಿಲ್ಲ. ಆಪರೇಷನ್ ಈ ಶುಕ್ರವಾರ ಬೆಳಿಗ್ಗೆ. ಮುಂಚಿನ ದಿನವೇ ಸೇರಿಸ್ಕೋತಾರೆ. ಆಸ್ಪತ್ರೆ ಯಾವುದು ಅಂತ ಮಾತ್ರ ತಿಳಿಸಬಾರದು ಅಂತ ಆಣೆ ಮಾಡಿಸ್ಕೊಂಡಿದಾರೆ, ಅದನ್ನ ಕೇಳಬೇಡಿ. ಗುರುವಾರ ರಾತ್ರಿ ಒಂಬತ್ತೂವರೆಗೆ ಅಂಗಡಿ ಮುಚ್ಚಿ ಅವರ ಹತ್ರ ಮಲಗೋಕೆ ಹೋಗ್ತೀನಿ. ಅಂಗಡಿ ಬಸ್ ನಿಲ್ದಾಣದ ಎದುರಿಗೇ. ಫೋನ್ ಇಲ್ಲ ನನ್ನ ಹತ್ರ. ವಾರ್ಡಲ್ಲಿ ನರ್ಸ್ ಮೇಜಿನ ಮೇಲೆ ಒಂದಿರುತ್ತಂತೆ. ನಿಮ್ಮ ನಂಬರ್ ಕೇಳಿದ್ರೆ ಇವರು ಮರೆತುಹೋಗಿದೆ ಅಂತಾರೆ. ಸುಳ್ಳು.

ಎಲೆ ಕೆಂಪು ಅಂತ ನಿಮ್ಮ ಕಾಗದ ಓದಿ ಗೊತ್ತಾದ ದಿನ ಇವರು ಊಟ ಮುಟ್ಟಲಿಲ್ಲ. ಆ ಎಲೆನ ದಿಂಬಿನ ಕೆಳಗೇ ಇಟ್ಕೊಂಡಿದಾರೆ. ಆ ಕಾಗದದಲ್ಲಿ ಒಂದು ಸಾಲು ನಾನು ಓದಲಿಲ್ಲ, ಮಡಚಿಬಿಟ್ಟೆ, ಆಮೇಲಿನ ಕಾಗದದಲ್ಲಿ ಅದರ ಮಾತು ಬಂದಾಗಲೂ ಹಾರಿಸಿದೆ. ಬಟ್ಟೆಗೆ ಮಡಿಕೆ ಹಾಕೋದು ನಮ್ಮ ದಿನದ ಕೆಲಸ ಅಲ್ವಾ. ಯಾವ ಸಾಲು ಅಂತ ನಿಮಗೆ ಗೊತ್ತಿರುತ್ತೆ.

*

ನವೆಂಬರ್ 14, ಗುರುವಾರ

ಅಕ್ಕ,

ಹನ್ನೊಂದೂ ಮುಕ್ಕಾಲು, ಈ ಸಲ ಹಗಲು. ಅಂಚೆಯವನ ಸೈಕಲ್ಲಿನ ಸದ್ದಿಗೆ ಗುಬ್ಬಿ ಓಡಲಿಲ್ಲ, ನಾನು ಓಡಿದೆ. ಒಂದು ಗಂಟೆಯ ಬಸ್ಸಿನ ಡ್ರೈವರ್ ಇವರಿಗೆ ಪರಿಚಯ. ನೀರು ತುಂಬಿಸಿಕೊಳ್ಳಲು ದಿನವೂ ಪಂಪ್‌ಹೌಸಿನ ನಲ್ಲಿಗೇ ಬರುತ್ತಾರೆ. ರಾತ್ರಿ ಒಂಬತ್ತಕ್ಕೆ ನಿಮ್ಮೂರು ಮುಟ್ಟುತ್ತದೆ. ಇದನ್ನು ದರ್ಜಿಯಮ್ಮನ ಕೈಗೇ ಕೊಡುತ್ತೇನೆ ಅಂದಿದ್ದಾರೆ. ಇವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಾರೆ.

ನಾನೇ ಯಾಕೆ ಆ ಬಸ್ಸು ಹತ್ತಲಿಲ್ಲ ಅಂತ ಮೊದಲು ಹೇಳಿಬಿಡುತ್ತೇನೆ. ಗುಬ್ಬಿಗೆ ಮಂಗನಬಾವು. ಎರಡೂ ಕೆನ್ನೆ ಊದಿ ಮುಖ ಹಂಡೆಯ ಹಾಗಾಗಿದೆ, ಕನ್ನಡಿ ಬಿಟ್ಟು ಏಳುತ್ತಿಲ್ಲ. "ಮಂಗಂದು ಮಂಗಕ್ಕೇ ಕೊಟ್ಟುಬಿಡಮ್ಮ," ಅನ್ನುತ್ತಾಳೆ. ನನಗೆ ಚಿಕ್ಕಂದಿನಲ್ಲಿ ಅದು ಬಂದಿರಲಿಲ್ಲ. ಬೆಳಗಿನಿಂದ ನನ್ನ ಕಿವಿಯ ಕೆಳಗೂ ನೋವು. ನಿನ್ನ ಪತ್ರ ಓದಿದ ಕೂಡಲೇ ಓಡಿ ಹೋಗಿ ಕೇಳಿದ್ದಕ್ಕೆ, ಆಸ್ಪತ್ರೆ ವಾರ್ಡಿನ ಹೊಸಿಲೂ ತುಳಿಯಕೂಡದು ಅಂತ ಡಾಕ್ಟರ್ ಖಂಡಿತ ಮಾಡಿ ಹೇಳಿದ್ದಾರೆ. ನಾನು ಅತ್ತು, ಜಗಳ ಮಾಡಿ, ಮತ್ತೆ ಅತ್ತೆ. ನಿನ್ನ ಕಣ್ಣಿನ ಹತ್ತಿರಕ್ಕೆ ರೋಗ ಹೊತ್ತು ತರುವುದಾದರೆ ನಾನು ಬರಲಾರೆ.

ಆದರೆ ಇದನ್ನು ಕೇಳು. ದರ್ಜಿಯಮ್ಮಾ, ಇಲ್ಲಿಂದ ಜೋರಾಗಿ ಓದಿ, ವಾರ್ಡಿನವರು ಬೈದರೂ ಸರಿ.

ಅಕ್ಕಾ, ನೀರಿನಲ್ಲಿ ಕಾಲಿಟ್ಟು ಕೂತವರು ಯಾರೂ ಬರಬೇಡಿ ಅನ್ನುವ ಹಾಗಿಲ್ಲ. ಅಪ್ಪ ಹಾಗೆ ಕಲಿಸಲಿಲ್ಲ. ಕೂತದ್ದೇ ಬರಲಿ ಅಂತ. ನೀನು ಅದನ್ನು ಬರೆಸಿದ್ದೂ ಅದಕ್ಕೇ, ನನಗೆ ಗೊತ್ತು. ಇಷ್ಟು ದಿನ ನಾನು ತಪ್ಪಿಸಿಕೊಂಡವಳು, ನೀನು ಬಂದು ಹುಡುಕಬೇಕು ಅಂತ ಈ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಅಲ್ಲಿ ನೀನೂ ಕೂತಿದ್ದೆ. ಇಬ್ಬರೂ ಕೂತರೆ ನೀರಿಗೆ ಎದುರಾಗಿ ಬರುವವರು ಯಾರು? ಈಗ ನಾನು ಎದ್ದೆ. ಕಾಲಿನಿಂದ ಬರಲಾರೆ, ಕೂಗಿಕೊಂಡು ಬರುತ್ತೇನೆ.

ನಿನ್ನ ಬೂಟನ್ನು ಮತ್ತೆ ಇಳಿಸಿದ್ದೇನೆ. ಬೆಳಕು ಬಂದರೂ ಬರದಿದ್ದರೂ ಅದು ನಿನ್ನದೇ. ತಲೆಗೆ ಕಣ್ಣಿದೆ. ಬಾಲಕ್ಕೆ ಬೇಕಾದದ್ದು ಕೂಗುವ ಗಂಟಲು, ಮುಂದಿನವರ ಹೆಗಲ ಮೇಲೆ ಒಂದು ಕೈ. ಹೊಟ್ಟೆಯ ಹೆಗಲು ಗಟ್ಟಿಯಾಗಿದೆ. ಒರತೆಯ ಹತ್ತಿರ ನಿನ್ನ ಸಮಕ್ಕೆ ಬರಲು ನಾವೇ ಕಣ್ಣು ಮುಚ್ಚಬೇಕು. ಗುಬ್ಬಿಯ ತೀರ್ಪನ್ನೂ ಕೇಳು. "ದೊಡ್ಡಮ್ಮ ಸೋತಿಲ್ಲ. ಕೂದಲು ಇರೋದು ನಾನು ನೋಡೇ ಇರಲಿಲ್ಲ," ಅಂದಳು. ಇನ್ನೊಂದು ಎಲೆ ಇದರೊಳಗಿದೆ. ಬಣ್ಣ ನಾನು ಹೇಳುತ್ತೇನೆ, ಫೋನಿನಲ್ಲಿ.

ಮಡಚಿದ ಸಾಲು ಹಾಗೇ ಇರಲಿ, ದರ್ಜಿಯಮ್ಮ. ಅದನ್ನು ನಾನೇ ಬಿಚ್ಚಬೇಕು, ಅವಳ ಕೈ ಹಿಡಿದುಕೊಂಡು.

ಪಂಪ್‌ಹೌಸಿನ ನಂಬರನ್ನು ಲಕೋಟೆಯ ಹಿಂದೆ ದಪ್ಪಗೆ ಬರೆದಿದ್ದೇನೆ. ಇವರ ಪಾಳಿ ಬೆಳಗಿನವರೆಗೂ ಇದೆ. ಫೋನ್ ಮೊಳಗಿದ ಕೂಡಲೇ ಕಿಟಕಿಯಿಂದ ಟಾರ್ಚ್ ಬೀಸುತ್ತಾರೆ. ನಾನು ಮಗುವಿನ ಪಕ್ಕ ಆ ಕಿಟಕಿಯನ್ನೇ ನೋಡುತ್ತಾ ಕೂತಿರುತ್ತೇನೆ, ನಿದ್ದೆ ಹೇಗೂ ಬರುವುದಿಲ್ಲವಲ್ಲ, ಒಂದು ದಿನವಾದರೂ ಅದು ಉಪಯೋಗಕ್ಕೆ ಬರಲಿ. ಓಡಿ ಬಂದು ಮೊದಲು ಫೋನನ್ನು ಕಿಟಕಿಯ ಆಚೆ ಹಿಡಿಯುತ್ತೇನೆ. ಕೆಳಗೆ ಹಳ್ಳವಿದೆ. ಅದನ್ನು ಕೇಳು. ಆಮೇಲೆ ನಾನು ಅಕ್ಕಾ ಅಂತ ಕೂಗುತ್ತೇನೆ.

ನೀನು ಏನೂ ಮಾತಾಡಬೇಕಾಗಿಲ್ಲ. ಹೆದರಿಕೆ ಆಗುತ್ತಿದೆ ಅಂತ ಹೇಳಬೇಕಾಗಿಲ್ಲ, ಇಲ್ಲ ಅಂತಲೂ ಹೇಳಬೇಕಾಗಿಲ್ಲ. ಬರೀ ಓ ಅನ್ನು.

ನಿನ್ನನ್ನು ಒಳಗೆ ಕರೆದುಕೊಂಡು ಹೋಗುವ ಮುಂಚೆ, ಅಕ್ಕ. ಹೊತ್ತು ಎಷ್ಟೇ ಆಗಿರಲಿ. ಬೆಳಗಾಗುವುದರೊಳಗೆ ಫೋನ್ ಮಾಡು. ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ ಮಾಡು.